ಡಬ್ಬಿ ತೆರೆಯುವ ಮೊದಲು

ಪ್ರೀತಿಯ ಪುಟ್ಟಿ,

ಈ ಕಾಗದದ ಜೊತೆ ಬೆಂಕಿಪೊಟ್ಟಣಕ್ಕಿಂತ ಸ್ವಲ್ಪ ದೊಡ್ಡ ಡಬ್ಬಿಯೊಂದು ಬಂದಿರುತ್ತದೆ. ಅದನ್ನು ತೆರೆಯುವ ಮೊದಲು ಇದನ್ನು ಓದು. ಏಪ್ರಿಲ್‌ನಲ್ಲಿ ನೀನು ಬೇಟೆಯಲ್ಲಿ ಹೊಡೆದ ಟರ್ಕಿ ಹುಂಜದ ಎಡಗಾಲಿನ ಮುಳ್ಳು, ಅಂದರೆ ಕಾಲಿನ ಹಿಂಬದಿಯಲ್ಲಿ ಕೊಂಬಿನಂತೆ ಬೆಳೆಯುತ್ತದಲ್ಲ ಅದು, ಅದರಲ್ಲಿದೆ. "ಕಾಲೆಲ್ಲ ಬಿಸಾಕಿಬಿಡು ಅಪ್ಪಯ್ಯ" ಅಂತ ಹೇಳಿ ಹಾಸ್ಟೆಲ್ಲಿಗೆ ಹೊರಟುಹೋದವಳು ನೀನು. ನಾನು ಬಿಸಾಕಲಿಲ್ಲ.

ಅವತ್ತು ವಾಪಸ್ ಬರುವಾಗ ದಾರಿಯುದ್ದಕ್ಕೂ ನೀನು ಕಿಟಕಿಯ ಕಡೆಗೇ ಮುಖ ಮಾಡಿ ಕೂತಿದ್ದೆ. ನಾನೂ ಏನೂ ಕೇಳಲಿಲ್ಲ. ಮನೆಗೆ ಬಂದು, ಹೊಡೆದ ಹಕ್ಕಿಯ ಲೆಕ್ಕವನ್ನು ರಾತ್ರಿ ಹತ್ತರೊಳಗೆ ನಮ್ಮ ಮಿಸೌರಿಯ ಇಲಾಖೆಯ ಟೆಲಿಚೆಕ್‌ಗೆ ತಿಳಿಸಬೇಕಲ್ಲ, ಅದನ್ನು ಮಾತ್ರ ನೀನೇ ಮಾಡಿದೆ. ಆಮೇಲೆ ನಾನು ಕಾಲು ಎತ್ತಿ ನೋಡಿದೆ. ಎಡಗಾಲಿನದು ಒಂದಿಂಚು ಅರೆಕಾಲು, ಬಲಗಾಲಿನದು ಸರಿಯಾಗಿ ಒಂದಿಂಚು, ತುದಿ ಮೊಂಡು. ಅಜ್ಜಯ್ಯ ಇದ್ದಿದ್ದರೆ ಅರೆಕಾಲು ಎಂದರೆ ಎಷ್ಟು ಅಂತ ನಿನಗೆ ಹೇಳಿಕೊಡುತ್ತಿದ್ದರು. ಎಂಟರಲ್ಲಿ ಒಂದು ಪಾಲು.

ಈ ಮುಳ್ಳಿನಿಂದಲೇ ಹುಂಜದ ವಯಸ್ಸು ಅಂದಾಜು ಮಾಡುತ್ತಾರೆ. ಒಂದು ವರ್ಷದ ಮರಿಹುಂಜಕ್ಕೆ, ಇಲ್ಲಿಯವರು ಜೇಕ್ ಅನ್ನುತ್ತಾರಲ್ಲ, ಅಂಗಿಯ ಗುಂಡಿಯಷ್ಟು ಗುಬುಟು ಮಾತ್ರ. ಒಂದಿಂಚು ದಾಟಿದರೆ ಸಾಮಾನ್ಯವಾಗಿ ಮೂರು ವರ್ಷದ ಹಕ್ಕಿ. ಹಾಗೆ ಲೆಕ್ಕ ಹಾಕಿದರೆ ನೀನು ಕಾಲೇಜು ಸೇರಿದ ವರ್ಷದ ಬೇಸಿಗೆಯಲ್ಲೇ ಅದು ಮೊಟ್ಟೆಯೊಡೆದು ಬಂದಿರಬೇಕು. ಇದನ್ನು ನಿನಗೆ ಹೇಳಬೇಕೋ ಬೇಡವೋ ಅಂತ ಎರಡು ದಿನ ಯೋಚಿಸಿದೆ.

ಪಕ್ಕದ ಜಮೀನಿನ ತಾತ ಬಂದು, ನಿನ್ನ ಹಕ್ಕಿಗೆ ಅಂಕ ಹಾಕಿದರು. ತೂಕ 21 ಪೌಂಡು, ಗಡ್ಡ, ಅಂದರೆ ಎದೆಯ ಮೇಲೆ ಜೋಲುವ ಕೂದಲಿನಂಥ ಕುಚ್ಚು, ಹತ್ತಿಂಚು, ಅದಕ್ಕೆ ಎರಡುಪಟ್ಟು. ಎರಡೂ ಮುಳ್ಳು ಸೇರಿಸಿ ಹತ್ತುಪಟ್ಟು. ಒಟ್ಟು 62 ಕಾಲು. ಇದು ಇಲ್ಲಿನ ಟರ್ಕಿ ಒಕ್ಕೂಟದವರ ಲೆಕ್ಕ. ಇಪ್ಪತ್ತೊಂದು ಪೌಂಡಿನ ಮೈಗಿಂತ ಎರಡು ಮುಳ್ಳಿಗೇ ಕಾಲು ಅಂಕ ಹೆಚ್ಚು! ನನಗೆ ನಗು ಬಂತು. ತಾತ ನಗಲಿಲ್ಲ. ಅವರು ಹುಡುಗರಾಗಿದ್ದಾಗ ಈ ಸುತ್ತಿನಲ್ಲಿ ಟರ್ಕಿಯೇ ಇರಲಿಲ್ಲವಂತೆ. ಮಿಸೌರಿಯಲ್ಲಿ 1937ರಲ್ಲಿ ಟರ್ಕಿ ಬೇಟೆ ನಿಲ್ಲಿಸಿದವರು ಮತ್ತೆ ಶುರುಮಾಡಿದ್ದು 1960ರಲ್ಲಿ, ಉಳಿದಿದ್ದ ಹಕ್ಕಿಗಳನ್ನು ಬಲೆ ಹಾಕಿ ಹಿಡಿದು ಬೇರೆ ಬೇರೆ ಕಾಡಿಗೆ ಬಿಟ್ಟಮೇಲೆ. ನಾವು ಕೊಳ್ಳುವ ತೋಟೆಯ ಮೇಲೆ ಶೇಕಡಾ 11 ತೆರಿಗೆ ಇದೆಯಲ್ಲ, ಅದೂ 1937ರ ಕಾನೂನೇ, ಆ ದುಡ್ಡು ಕಾಡುಪ್ರಾಣಿಗಳ ಕೆಲಸಕ್ಕೇ ಹೋಗುತ್ತದೆ.

ಈಗ ನನ್ನ ತಪ್ಪೊಪ್ಪಿಗೆ. ಕೆಲಸ ಸುಲಭ ಅಂದುಕೊಂಡಿದ್ದೆ. ಮುಳ್ಳಿನ ಮೇಲೆ ಕಾಲಿಂಚು, ಕೆಳಗೆ ಕಾಲಿಂಚು ಬಿಟ್ಟು ಸಣ್ಣ ಹಲ್ಲಿನ ಗರಗಸದಲ್ಲಿ ಎಲುಬು ಕೊಯ್ಯಬೇಕು. ಕಟ್ಟರ್ ಒತ್ತಿದರೆ ಎಲುಬು ಸೀಳುತ್ತದೆ ಅಂತ ತಾತ ಮೊದಲೇ ಎಚ್ಚರಿಸಿದ್ದರು. ಅದು ಸರಿಹೋಯಿತು. ಒಳಗಿನ ಮಜ್ಜೆಯನ್ನು ತಂತಿಯಿಂದ ಕೆರೆದು ತೆಗೆದೆ. ಮೇಲಿನ ಹುರುಪೆಯಂಥ ಚರ್ಮ ಮೆತ್ತಗಾಗಲಿ ಅಂತ ಬಲಗಾಲಿನ ತುಂಡನ್ನು ಕುದಿಯುವ ನೀರಿಗೆ ಹಾಕಿದೆ, ಅದೂ ನಿನ್ನ ಅಮ್ಮ ಚಿತ್ರಾನ್ನ ಕಲಸುವ ಬೋಗುಣಿಯಲ್ಲಿ. ಹತ್ತು ನಿಮಿಷದಲ್ಲಿ ಮುಳ್ಳು ಪೆನ್ನಿನ ಕ್ಯಾಪಿನ ಹಾಗೆ ಕಳಚಿ ಕೈಗೆ ಬಂತು! ನಾವು ಮುಳ್ಳು ಅನ್ನುವುದು ಬರೀ ಹೊದಿಕೆ, ನಮ್ಮ ಉಗುರಿನ ಜಾತಿಯದು. ಒಳಗಿರುವುದು ಎಲುಬಿನ ಮೊಳಕೆ, ಕಾಲಿನ ಎಲುಬಿಗೇ ಅಂಟಿ ಬೆಳೆದದ್ದು. ಎಪಾಕ್ಸಿ ಹಾಕಿ ಕೂರಿಸಿದೆ, ಒಂಚೂರು ವಾಲಿದೆ. ಬೋಗುಣಿಯ ವಿಷಯದಲ್ಲಿ ಅಮ್ಮ ಇನ್ನೂ ಮಾತು ನಿಲ್ಲಿಸಿಲ್ಲ.

ಎಡಗಾಲಿನದನ್ನು ಬರೀ ಉಗುರುಬೆಚ್ಚಗಿನ ಸೋಪಿನ ನೀರಲ್ಲಿ ನೆನೆಸಿ, ಚಾಕುವಿನ ಬೆನ್ನಿನಲ್ಲಿ ನಿಧಾನಕ್ಕೆ ಕೆರೆದೆ. ಒಂದು ಸಂಜೆ ಪೂರ್ತಿ ಹಿಡಿಯಿತು. ಎಲುಬಿನ ಭಾಗಕ್ಕೆ ಮಾತ್ರ ಔಷಧಿ ಅಂಗಡಿಯ ಪೆರಾಕ್ಸೈಡ್ ಹಚ್ಚಿದೆ, ಬೆಳ್ಳಗಾಯಿತು. ಆಮೇಲೆ ಎರಡು ವಾರ ಬೋರಾಕ್ಸ್‌ನಲ್ಲಿ ಹೂತಿಟ್ಟೆ. ನಮ್ಮೂರ ಅಕ್ಕಸಾಲಿಗರು ಬಳಸುವ ಬಿಳಿಗಾರವೇ ಅದು. ಇಲ್ಲಿ ಬಟ್ಟೆ ಒಗೆಯುವ ಪುಡಿಗಳ ಸಾಲಿನಲ್ಲಿ ಸಿಗುತ್ತದೆ. ಚೂರು ಮಾಂಸ ಉಳಿದರೂ ಹುಳ ಬೀಳುತ್ತದೆ, ಹಾಗಾಗಿ ಒಣಗಿಸುವುದರಲ್ಲಿ ಅವಸರ ಮಾಡಲಿಲ್ಲ. ವಾರ್ನಿಷ್ ಬಳಿಯಲಿಲ್ಲ. ತಾತ ಬಳಿಯಿರಿ, ಹೊಳೆಯುತ್ತದೆ ಅಂದರು. ಕಲ್ಲಿಗೆ ಉಜ್ಜಿ, ಬೇರೆ ಹುಂಜಗಳ ಜೊತೆ ಕಾದಾಡಿ ಆದ ಗೀರುಗಳು ಅದರ ಮೇಲಿವೆ. ಅವನ್ನು ಮುಚ್ಚಿ ಹೊಳಪು ಕೊಡುವುದು ನನಗೆ ಒಪ್ಪಲಿಲ್ಲ. ಇಂಥ ಮುಳ್ಳನ್ನೇ ಬಾಣದ ಮೊನೆಗೆ ಕಟ್ಟುತ್ತಿದ್ದರಂತೆ ವರ್ಜೀನಿಯಾದ ಮೂಲನಿವಾಸಿಗಳು; ನಾಲ್ಕುನೂರು ವರ್ಷದ ಹಿಂದೆ ಅಲ್ಲಿಗೆ ಬಂದಿಳಿದ ಇಂಗ್ಲಿಷಿನವ ಜಾನ್ ಸ್ಮಿತ್ ಬರೆದಿಟ್ಟಿದ್ದಾನೆ. ಬೆರಳಿಟ್ಟು ನೋಡು, ನಂಬಿಕೆ ಬರುತ್ತದೆ.

ಅಜ್ಜಯ್ಯನ ಕಥೆ ನಿನಗೆ ಅರ್ಧವೇ ಗೊತ್ತು. ಕೇಪಿನ ಕೋವಿ ಹೆಗಲಿಗೇರಿಸಿ ಹಳುವಿಗೆ ನುಗ್ಗುತ್ತಿದ್ದರು, ಕಾಡುಕೋಳಿ ತರುತ್ತಿದ್ದರು, ಅಷ್ಟು ನೀನು ಕೇಳಿದ್ದೀಯ. 1972ರ ವನ್ಯಜೀವಿ ಸಂರಕ್ಷಣೆಯ ಕಾನೂನು ಬಂದಮೇಲೂ ಕೆಲವು ವರ್ಷ ಹೋಗುತ್ತಿದ್ದರು ಅನ್ನುವುದನ್ನು ನಾನು ಹೇಳಿರಲಿಲ್ಲ. ಮಾರನೆಯ ಬೆಳಗ್ಗೆ ಪುಕ್ಕ, ಕಾಲು, ತಲೆ ಎಲ್ಲವನ್ನೂ ಗೊಬ್ಬರಗುಂಡಿಯಲ್ಲಿ ಹೂಳುವುದು ನನ್ನ ಕೆಲಸ. ಗಾರ್ಡ್ ಬಂದರೆ ಏನೂ ಕಾಣಬಾರದು. ಒಮ್ಮೆ ಒಂದು ಹುಂಜದ ಮುಳ್ಳನ್ನು ಕಂಪಾಸ್ ಪೆಟ್ಟಿಗೆಯಲ್ಲಿ ಬಚ್ಚಿಟ್ಟಿದ್ದೆ. ಅಜ್ಜಯ್ಯನಿಗೆ ಸಿಕ್ಕಿತು. ಹೊಡೆಯಲಿಲ್ಲ. ಒಲೆಗೆ ಹಾಕಿದರು. ಕೂದಲು ಸುಟ್ಟ ವಾಸನೆ ಮನೆಯೆಲ್ಲ ತುಂಬಿತ್ತು. ಆಮೇಲೆ ಅವರು ಬೇಟೆಗೆ ಹೋದದ್ದು ನನಗೆ ನೆನಪಿಲ್ಲ. ಆ ಎರಡಕ್ಕೂ ಸಂಬಂಧ ಇತ್ತೋ ಇಲ್ಲವೋ, ಕೇಳುವ ಧೈರ್ಯ ಬರಲೇ ಇಲ್ಲ.

ಹಾಗಾಗಿ ನೀನು ಬಿಸಾಕು ಅಂದಾಗ ನನ್ನ ಕೈ ಓಡಲಿಲ್ಲ. ಇಲ್ಲಿ ಲೈಸೆನ್ಸ್ ಇತ್ತು, ಹೆಸರು ಬರೆಸಿದ್ದೆವು, ಮುಚ್ಚಿಡಬೇಕಾದದ್ದು ಏನೂ ಇರಲಿಲ್ಲ. ಇದನ್ನು ಟೋಪಿಗೆ ಸಿಕ್ಕಿಸಿಕೋ ಅಂತ ನಾನು ಹೇಳುತ್ತಿಲ್ಲ. ಕೀ ಗೊಂಚಲಿಗೂ ಬೇಡ. ಊರಿಗೆ ಹೋಗುವಾಗ ಪೆಟ್ಟಿಗೆಯಲ್ಲಿ ಇಟ್ಟುಕೊಂಡು ಹೋಗಬೇಡ, ಕಸ್ಟಮ್ಸ್‌ನವರಿಗೆ ಟರ್ಕಿ ಪುರಾಣ ಹೇಳುತ್ತಾ ನಿಲ್ಲಬೇಕಾಗುತ್ತದೆ.

ಎದೆಯ ಮಾಂಸ ಸಾರಾಗಿ ಕಡುಬಿನ ಜೊತೆ ಖರ್ಚಾಯಿತು. ತೊಡೆ ಇನ್ನೂ ಫ್ರೀಜರಿನಲ್ಲಿದೆ, ಬೇಸಿಗೆ ರಜೆಗೆ ನೀನು ಬಂದಮೇಲೆ ಅಮ್ಮ ಮಾಡುತ್ತಾಳಂತೆ. ಕೆಳಗಿನ ಕಾಲಿನ ನರವೆಲ್ಲ ಎಲುಬಾಗಿ ಪೊರಕೆಕಡ್ಡಿಯಂತಿತ್ತು, ಅದನ್ನು ಮಾತ್ರ ಬಿಸಾಕಿದೆ.

ವಾಲಿದ ಮುಳ್ಳು ನನ್ನ ಮೇಜಿನ ಮೇಲೇ ಇರಲಿ. ಇದು ನಿನಗೆ ಬೇಡ ಅನ್ನಿಸಿದರೆ ಕಸಕ್ಕೆ ಹಾಕಬೇಡ, ಅದೇ ಡಬ್ಬಿಯಲ್ಲಿ ವಾಪಸ್ ಕಳಿಸು. ಅಂಚೆಚೀಟಿ ಹತ್ತಿಯ ಕೆಳಗೆ ಇಟ್ಟಿದ್ದೇನೆ.

ನಿನ್ನ
ಅಪ್ಪಯ್ಯ