ನೆಲ ನಿಜಕ್ಕೂ ಡೊಂಕಿರಬಹುದು: ಗೆಳೆಯನಿಗೊಂದು ಪತ್ರ

ಪ್ರಿಯ ಗೆಳೆಯಾ,

ನಿನ್ನ ಕಾಗದದ ಸಾರ ಇಷ್ಟು. ಫಿಗರ್ ಸ್ಕೇಟಿಂಗ್ ಕಲಿಯುತ್ತಿರುವ ನಿನ್ನ ಮಗಳು ಚಳಿಗಾಲದಲ್ಲಿ ಡಬಲ್ ಲಟ್ಜ್, ಅಂದರೆ ಗಾಳಿಯಲ್ಲಿ ಎರಡು ಸುತ್ತಿನ ಜಂಪ್, ಸಲೀಸಾಗಿ ಹಾಕುತ್ತಿದ್ದಳು, ಈಗ ಹತ್ತಕ್ಕೆ ಮೂರು ಸಲ ನಿಂತರೆ ಹೆಚ್ಚು. ಅದಕ್ಕಿಂತ ಕಷ್ಟದ ಡಬಲ್ ಆಕ್ಸೆಲ್ ಇನ್ನೇನು ಕೈಗೆ ಬಂತು ಅನ್ನುವಷ್ಟರಲ್ಲಿ ಮಾಯ. ಮೇ ತಿಂಗಳ ಸ್ಪರ್ಧೆಗಿಂತ ಜುಲೈನಲ್ಲಿ ಅಂಕ ಕಡಿಮೆ. ಅವಳಿಗೆ ಆಸಕ್ತಿಯೇ ಹೋಯಿತೇನೋ ಅನ್ನುವುದು ನಿನ್ನ ಅನುಮಾನ.

ಆ ಅನುಮಾನವನ್ನು ಸದ್ಯಕ್ಕೆ ಪಕ್ಕಕ್ಕಿಡು. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ ಅಂತ ನಾವು ನಗುತ್ತೇವೆ. ಫಿಗರ್ ಸ್ಕೇಟಿಂಗ್‌ನಲ್ಲಿ ಎಷ್ಟೋ ಸಲ ನೆಲ ನಿಜಕ್ಕೂ ಡೊಂಕಾಗಿರುತ್ತದೆ. ಹುಡುಗಿಯನ್ನು ವಿಚಾರಣೆಗೆ ನಿಲ್ಲಿಸುವ ಮೊದಲು ಬ್ಲೇಡ್ ನೋಡು, ಆಮೇಲೆ ಬೂಟು, ಆಮೇಲೆ ಎತ್ತರ, ಕೊನೆಗೆ ಅಂಕಪಟ್ಟಿ. ಬೇಗ ಸರಿಹೋಗುವಂಥದ್ದನ್ನು ಮೊದಲು ನೋಡಬೇಕು ಅನ್ನುವುದಷ್ಟೇ ಈ ಕ್ರಮಕ್ಕೆ ಕಾರಣ.

ನೀನು ಹೆಸರಿಸಿದ ಎರಡು ಜಂಪ್‌ಗಳಲ್ಲೇ ಒಂದು ಸುಳಿವಿದೆ. ಹೆಚ್ಚಿನ ಮಕ್ಕಳಂತೆ ಅವಳೂ ಎಡಕ್ಕೆ ತಿರುಗುವವಳಾದರೆ ಲಟ್ಜ್ ಏಳುವುದು ಎಡಗಾಲಿನ ಬ್ಲೇಡಿನ ಹೊರ ಅಂಚಿನಿಂದ, ಹಿಮ್ಮುಖವಾಗಿ. ಆಕ್ಸೆಲ್ ಏಳುವುದೂ ಅದೇ ಎಡಗಾಲಿನ ಹೊರ ಅಂಚಿನಿಂದ, ಮುಮ್ಮುಖವಾಗಿ. ಉಳಿದ ಜಂಪ್‌ಗಳಲ್ಲಿ ಸಾಲ್ಕೋ ಮತ್ತು ಫ್ಲಿಪ್ ಎಡಗಾಲಿನ ಒಳ ಅಂಚಿನವು. ಲೂಪ್, ಟೋ ಲೂಪ್ ಬಲಗಾಲಿನ ಹೊರ ಅಂಚಿನವು. ಫ್ಲಿಪ್, ಸಾಲ್ಕೋ ಚೆನ್ನಾಗಿಯೇ ಇದ್ದು ಲಟ್ಜ್, ಆಕ್ಸೆಲ್ ಎರಡೇ ಕೆಟ್ಟಿದ್ದರೆ ಎಡ ಬ್ಲೇಡಿನ ಹೊರ ಅಂಚನ್ನು ಮೊದಲು ಶಂಕಿಸು. ಎಲ್ಲ ಜಂಪ್‌ಗಳೂ ಇಳಿಯುವಾಗ ಕೆಡುತ್ತಿದ್ದರೆ ಬಲ ಬ್ಲೇಡ್ ನೋಡು. ಆರು ಜಂಪ್‌ಗಳೂ ಬಂದು ಇಳಿಯುವುದು ಬಲಗಾಲಿನ ಹೊರ ಅಂಚಿನ ಮೇಲೆಯೇ.

ಬ್ಲೇಡಿನ ತಳ ಸಪಾಟಾಗಿರುವುದಿಲ್ಲ. ಉದ್ದಕ್ಕೂ ಸಣ್ಣ ಕಾಲುವೆಯ ಹಾಗೆ ಕೊರೆದಿರುತ್ತಾರೆ, ಅದರ ಎರಡು ದಡಗಳೇ ಒಳ ಅಂಚು, ಹೊರ ಅಂಚು. ಪರೀಕ್ಷೆ ಮನೆಯಲ್ಲೇ ಆಗುತ್ತದೆ. ಬೂಟನ್ನು ತಲೆಕೆಳಗು ಮಾಡಿ ಮೊಣಕಾಲ ಮಧ್ಯೆ ಹಿಡಿದುಕೋ. ಎರಡು ಅಂಚುಗಳ ಮೇಲೆ ಅಡ್ಡಲಾಗಿ ಒಂದು ನಾಣ್ಯ ಇಟ್ಟು, ಹಿಮ್ಮಡಿ ಕಡೆಯಿಂದ ಒಂದು ಕಣ್ಣು ಮುಚ್ಚಿ ಬ್ಲೇಡಿನುದ್ದಕ್ಕೂ ನೋಡು. ನಾಣ್ಯ ಬ್ಲೇಡಿಗೆ ಲಂಬವಾಗಿ ಕೂತಿದ್ದರೆ ಸರಿ. ಒಂದು ಕಡೆಗೆ ವಾಲಿದ್ದರೆ ವಾಲಿದ ಕಡೆಯ ಅಂಚು ತಗ್ಗಾಗಿದೆ. ಮುಂದೆ, ನಡುವೆ, ಹಿಂದೆ, ಮೂರು ಕಡೆ ಇಟ್ಟು ನೋಡಬೇಕು, ನಡುವೆ ಸರಿಯಿದ್ದು ಮುಂದೆ ವಾಲುವುದುಂಟು. ಆಮೇಲೆ ಉಗುರಿನ ಮೇಲ್ಭಾಗವನ್ನು ಅಂಚಿಗೆ ಮೆಲ್ಲಗೆ ಒರೆಸು. ಹರಿತವಿದ್ದರೆ ಉಗುರಿನ ಪುಡಿ ಬರುತ್ತದೆ, ಮೊಂಡಾಗಿದ್ದರೆ ಜಾರುತ್ತದೆ.

ಸಾಣೆ ಹಿಡಿಸುವುದು ಐಸ್ ಮೇಲಿನ 20ರಿಂದ 30 ಗಂಟೆಗೊಮ್ಮೆ. ಹಾಕಿ ಸ್ಕೇಟ್‌ಗಳಿಗೆ ಸಾಣೆ ಹಿಡಿಯುವ ಅಂಗಡಿಗೆ ಕೊಡಬೇಡ. ಅಲ್ಲಿ ಬ್ಲೇಡಿನ ಮುಂತುದಿಯ ಹಲ್ಲುಗಳಲ್ಲಿ ಎಲ್ಲಕ್ಕಿಂತ ಕೆಳಗಿರುವುದನ್ನು ಉಜ್ಜಿಬಿಡುವ ಅಪಾಯವಿದೆ, ಹೋದ ಹಲ್ಲು ಮತ್ತೆ ಬರುವುದಿಲ್ಲ. ಕಾಲುವೆಯ ತ್ರಿಜ್ಯ ಎಷ್ಟು ಅಂತ ಕೇಳಿ ಬರೆದಿಟ್ಟುಕೋ. ಸಾಮಾನ್ಯವಾಗಿ ಅದು ಅರ್ಧ ಇಂಚು ಅಥವಾ 7/16 ಇಂಚು ಇರುತ್ತದೆ. ಒಂದು ಸಲ ಒಂದು, ಇನ್ನೊಂದು ಸಲ ಇನ್ನೊಂದು ಆದರೆ ಐಸ್ ಕಚ್ಚುವ ರೀತಿಯೇ ಬದಲಾಗಿ ಮಗು ತಬ್ಬಿಬ್ಬಾಗುತ್ತದೆ. ಸ್ಪರ್ಧೆಯ ಹಿಂದಿನ ದಿನ ಸಾಣೆ ಕೂಡದು. ಹೊಸ ಅಂಚು ಹಿಡಿತಕ್ಕೆ ಬರಲು ಕೆಲವು ದಿನ ಬೇಕು, ಒಂದು ವಾರ ಮೊದಲೇ ಮುಗಿಸು. ಗಟ್ಟಿ ಪ್ಲಾಸ್ಟಿಕ್ ಗಾರ್ಡ್ ನಡೆಯುವುದಕ್ಕೆ ಮಾತ್ರ. ಒರೆಸಿದ ಮೇಲೆ ತೇವ ಹೀರುವ ಬಟ್ಟೆಯ ಕವಚ, ಸೋಕರ್, ಹಾಕಿ ಬ್ಯಾಗಿಗಿಡು, ಇಲ್ಲದಿದ್ದರೆ ತುಕ್ಕು ಅಂಚನ್ನೇ ತಿನ್ನುತ್ತದೆ.

ಬೂಟಿನ ಒಳಹಾಸನ್ನು ಹೊರಗೆಳೆದು ಅದರ ಮೇಲೆ ಅವಳನ್ನು ನಿಲ್ಲಿಸು. ಬೆರಳು ತುದಿಯಾಚೆ ಚಾಚಿದರೆ ಬೂಟು ಚಿಕ್ಕದಾಯಿತು. ಕಣಕಾಲಿನ ಹತ್ತಿರ ಆಳವಾದ ನೆರಿಗೆ ಬಿದ್ದು, ಬೂಟನ್ನು ಖಾಲಿ ನಿಲ್ಲಿಸಿದಾಗ ಅದು ಪಕ್ಕಕ್ಕೆ ವಾಲಿದರೆ ಚರ್ಮ ಸತ್ತಿದೆ ಅಂತ ಅರ್ಥ. ಡಬಲ್ ಜಂಪ್ ಹಾಕುವ, ಬೆಳೆಯುವ ಕಾಲಿನ ಮಗುವಿಗೆ ಒಂದು ಜೊತೆ ವರ್ಷ ಬಂದರೆ ಹೆಚ್ಚು. ಇಲ್ಲಿ ಅಪ್ಪಂದಿರು ದುಡ್ಡು ಉಳಿಸಲು ಹೋಗಿ ಮಾಡುವ ತಪ್ಪು ಒಂದಿದೆ: ಒಂದೂವರೆ ಸೈಜ್ ದೊಡ್ಡದು ಕೊಳ್ಳುವುದು. ಹಿಮ್ಮಡಿ ಒಳಗೆ ಏಳುತ್ತದೆ, ಎಷ್ಟು ಬಿಗಿದರೂ ನಿಲ್ಲುವುದಿಲ್ಲ, ಬಿಗಿದಿದ್ದಕ್ಕೆ ಪಾದದ ಮೇಲಿನ ನರ ನೋಯುತ್ತದೆ. ಹೊಸ ಬೂಟು ಪಳಗಲು ಎರಡರಿಂದ ನಾಲ್ಕು ವಾರ. ಮೊದಲು ಬರೀ ಸ್ಟ್ರೋಕಿಂಗ್ (ಐಸ್ ತಳ್ಳುತ್ತ ಸಾಗುವುದು) ಮತ್ತು ಅಂಚಿನ ಅಭ್ಯಾಸ, ಆಮೇಲೆ ಸ್ಪಿನ್, ಆಮೇಲೆ ಸಿಂಗಲ್, ಕೊನೆಗೆ ಡಬಲ್. ಆ ದಿನಗಳಲ್ಲಿ ಜಂಪ್ ಹೋಗುತ್ತದೆ, ಹೋಗಲಿ. ಬ್ಲೇಡಿನ ಸ್ಕ್ರೂಗಳನ್ನು ವಾರಕ್ಕೊಮ್ಮೆ ಮುಟ್ಟಿ ನೋಡು, ಹೊಸ ಬೂಟಿನಲ್ಲಂತೂ ಸಡಿಲವಾಗುವುದು ಖಾತ್ರಿ. ಬ್ಯಾಗಿನಲ್ಲಿ ಒಂದು ಸ್ಕ್ರೂಡ್ರೈವರ್ ಸದಾ ಇರಲಿ.

ಈಗ ನಿಜವಾದ ವಿಷಯಕ್ಕೆ ಬರ್ತೀನಿ. ಹೆಣ್ಣುಮಕ್ಕಳು ಸಾಮಾನ್ಯವಾಗಿ 11–12 ವಯಸ್ಸಿನ ಆಸುಪಾಸು ಸರ್ರನೆ ಎತ್ತರವಾಗುತ್ತಾರೆ, ಗಂಡುಮಕ್ಕಳು ಅದಕ್ಕಿಂತ ಎರಡು ವರ್ಷ ತಡವಾಗಿ. ಲೆಕ್ಕ ಹಾಕು: 140 ಸೆಂ.ಮೀ. ಇದ್ದವಳು 147 ಆದಳು, ಅಂದರೆ ಶೇ. 5. ಮೈಯೂ ಅದೇ ಪ್ರಮಾಣದಲ್ಲಿ ತುಂಬಿಕೊಂಡರೆ, ತಿರುಗುವುದಕ್ಕೆ ಮೈ ಒಡ್ಡುವ ಪ್ರತಿರೋಧ ಎತ್ತರದ ಐದನೇ ಘಾತದಷ್ಟು ಏರುತ್ತದೆ, ಹತ್ತಿರಹತ್ತಿರ ಶೇ. 28. ಸ್ನಾಯುಗಳ ಬಲ ಅಷ್ಟೇ ಬೇಗ ಬರುವುದಿಲ್ಲ. ಡಬಲ್ ಆಕ್ಸೆಲ್ ಎರಡೂವರೆ ಸುತ್ತು. ಗಾಳಿಯಲ್ಲಿ ಸಿಗುವುದು ಅರ್ಧ ಸೆಕೆಂಡಿನ ಆಸುಪಾಸು. ಕಳೆದ ವರ್ಷ ಸಾಕಾಗಿದ್ದ ವೇಗ ಈ ವರ್ಷ ಸಾಕಾಗದಿದ್ದರೆ ಅದು ಸೋಮಾರಿತನ ಅಲ್ಲ ಮಾರಾಯ, ಭೌತಶಾಸ್ತ್ರ.

ಇದನ್ನು ಊಹೆಗೆ ಬಿಡಬೇಕಿಲ್ಲ. ಪ್ರತಿ ತಿಂಗಳ ಒಂದನೇ ತಾರೀಕು ಬೆಳಿಗ್ಗೆ ಗೋಡೆಗೆ ನಿಲ್ಲಿಸಿ ಎತ್ತರ ಗುರುತು ಮಾಡು. ತಿಂಗಳಿಗೆ ಅರ್ಧ ಸೆಂ.ಮೀ. ದಾಟಿ ಏಳುತ್ತಿದ್ದರೆ ಬೆಳವಣಿಗೆಯ ಜೋರಿನಲ್ಲಿದ್ದಾಳೆ ಅಂತ ತಿಳಿ. ತೂಕ ನೋಡಬೇಡ, ನೋಡಿಸಬೇಡ. ಇನ್ನೊಂದು ಕೆಲಸ: ಫೋನಿನ ಸ್ಲೋ ಮೋಷನ್‌ನಲ್ಲಿ, ಸೆಕೆಂಡಿಗೆ 240 ಫ್ರೇಮಿನಂತೆ, ಜಂಪನ್ನು ಪಕ್ಕದಿಂದ ತೆಗೆ. ಬ್ಲೇಡ್ ಐಸ್ ಬಿಟ್ಟ ಫ್ರೇಮಿನಿಂದ ಮತ್ತೆ ಮುಟ್ಟಿದ ಫ್ರೇಮಿನವರೆಗೆ ಎಣಿಸು. 120 ಫ್ರೇಮ್ ಬಂದರೆ ಅರ್ಧ ಸೆಕೆಂಡ್, ಎತ್ತರ ಸುಮಾರು 30 ಸೆಂ.ಮೀ. 108 ಬಂದರೆ 0.45 ಸೆಕೆಂಡ್, ಎತ್ತರ 25 ಸೆಂ.ಮೀ. ಚಳಿಗಾಲದ ಹಳೆಯ ವಿಡಿಯೊಗಳನ್ನೂ ಹೀಗೇ ಎಣಿಸು, ಅವೂ 240ರಲ್ಲೇ ತೆಗೆದವಾಗಿರಬೇಕು ಅಷ್ಟೇ. ಗಾಳಿಯಲ್ಲಿರುವ ಸಮಯ ಅಷ್ಟೇ ಇದ್ದು ಸುತ್ತು ಕಡಿಮೆಯಾಗಿದ್ದರೆ ಕಾರಣ ಬೆಳವಣಿಗೆ, ಇಲ್ಲವೇ ಕೈಕಾಲು ಒಳಗೆಳೆಯುವುದು ತಡವಾಗುತ್ತಿದೆ. ಸಮಯವೇ ಕಡಿಮೆಯಾಗಿದ್ದರೆ ದಣಿವು, ನೋವು, ಬೂಟು ಈ ಮೂರರಲ್ಲಿ ಹುಡುಕು. ಮೇಲೆ ಹೋಗಿ ನಡುವೆಯೇ ಕೈ ಬಿಚ್ಚಿಕೊಂಡರೆ, ರಿಂಕಿನವರು ಪಾಪ್ ಅನ್ನುತ್ತಾರಲ್ಲ ಅದು, ಅಲ್ಲಿ ಹೆಚ್ಚಾಗಿ ಭಯ ಇರುತ್ತದೆ. ಮೂರಕ್ಕೂ ಮದ್ದು ಬೇರೆ. ಈ ಎಣಿಕೆಯನ್ನು ಕೋಚ್‌ಗೆ ಕೊಡು, ಮಗಳಿಗೆ ತೋರಿಸಿ ಪಾಠ ಮಾಡಲು ಹೋಗಬೇಡ.

ಬೆಳವಣಿಗೆಯ ತಿಂಗಳುಗಳಲ್ಲಿ ಹೊಸ ಜಂಪನ್ನು ದಿನಕ್ಕೆ ನಲವತ್ತು ಸಲ ಎಸೆಯುವುದು ವ್ಯರ್ಥ, ಮೇಲಾಗಿ ಅಪಾಯ. ಇಳಿಯುವಾಗ ಒಂಟಿ ಕಾಲಿನ ಮೇಲೆ ಮೈತೂಕದ ಹಲವು ಪಟ್ಟು ಭಾರ ಬೀಳುತ್ತದೆ. ಒಂದೇ ತಪ್ಪು ಸತತ ಮೂರು ಸಲ ಬಂದರೆ ಆ ಜಂಪ್ ಆ ದಿನಕ್ಕೆ ಸಾಕು ಅನ್ನುವ ಕೋಚ್ ಒಳ್ಳೆಯ ಕೋಚ್. ಮೊಣಕಾಲ ಚಿಪ್ಪಿನ ಕೆಳಗೆ ಅಥವಾ ಹಿಮ್ಮಡಿಯ ಹಿಂದೆ ನೋವು ಈ ವಯಸ್ಸಿನಲ್ಲಿ ಮಾಮೂಲು, ಜಂಪ್ ಕಡಿಮೆ ಮಾಡಿದರೆ ಇಳಿಯುತ್ತದೆ. ಹಿಂದಕ್ಕೆ ಬಾಗಿದಾಗ ಸೊಂಟದಲ್ಲಿ ನೋವು ಅಂದರೆ ಮಾತ್ರ ಕಾಯಬೇಡ. ಬೆನ್ನೆಲುಬಿನಲ್ಲಿ ಸಣ್ಣ ಬಿರುಕು ಬಿಟ್ಟಿರಬಹುದು, ಕ್ರೀಡಾ ವೈದ್ಯರಿಗೇ ತೋರಿಸು. ತಲೆಗೆ ಪೆಟ್ಟಾದರೆ ಆ ದಿನದ ಐಸ್ ಮುಗಿಯಿತು, ವೈದ್ಯರು ಹೇಳುವವರೆಗೂ ಮತ್ತೆ ಹತ್ತುವಂತಿಲ್ಲ.

ಇನ್ನು ಊಟ. ನಿಮ್ಮದು ಸಸ್ಯಾಹಾರಿ ಮನೆ. 9ರಿಂದ 18 ವಯಸ್ಸಿನವರೆಗೆ ದಿನಕ್ಕೆ 1300 ಮಿ.ಗ್ರಾಂ ಕ್ಯಾಲ್ಸಿಯಂ ಬೇಕು ಅನ್ನುತ್ತದೆ ಅಮೆರಿಕದ ಶಿಫಾರಸು. ಮೊಸರು, ಹಾಲು, ರಾಗಿ ಮೂರನ್ನೂ ದಿನಾ ಕೊಟ್ಟರೆ ಹತ್ತಿರ ಬರುತ್ತದೆ. ಕಬ್ಬಿಣಾಂಶಕ್ಕೆ ಕಾಳು, ಸೊಪ್ಪು ಇರಲಿ, ಜೊತೆಗೆ ನಿಂಬೆಹುಳಿ ಹಿಂಡು, ಆ ಊಟದ ಹೊತ್ತಿಗೆ ಕಾಫಿ ಟೀ ಬೇಡ. ವರ್ಷಕ್ಕೊಮ್ಮೆ ರಕ್ತಪರೀಕ್ಷೆಯಲ್ಲಿ ಫೆರಿಟಿನ್ (ಮೈಯಲ್ಲಿ ಕೂಡಿಟ್ಟ ಕಬ್ಬಿಣದ ಅಳತೆ), ವಿಟಮಿನ್ ಡಿ ಎರಡನ್ನೂ ಸೇರಿಸಲು ಡಾಕ್ಟರನ್ನು ಕೇಳು. ದೊಡ್ಡವಳಾದ ಮೇಲೆ ಮೂರು ತಿಂಗಳು ಮುಟ್ಟು ನಿಂತರೆ ಅದು ಊಟ ಸಾಲದ ಲಕ್ಷಣವಿರಬಹುದು. ಸ್ಕೇಟರ್ ಅಲ್ಲವೇ ಅಂತ ಹಗುರ ಮಾಡಬೇಡಿ. ಬೆಳಿಗ್ಗೆ ಐದೂವರೆಗೆ ಐಸ್ ಮೇಲೆ ಅಭ್ಯಾಸ ಇದ್ದರೆ ರಾತ್ರಿ ಎಂಟಕ್ಕೆ ಮಲಗಬೇಕು. ಅದು ಆಗದ ಮನೆಯಲ್ಲಿ ಐದೂವರೆಯ ಐಸ್ ಸಮಯ ಕೊಳ್ಳುವುದೇ ದಂಡ.

ಅಂಕಪಟ್ಟಿಗೆ ಬಾ. ಒಟ್ಟು ಅಂಕ ಇಳಿದದ್ದನ್ನು ನೀನು ನೋಡಿದ್ದೀಯೆ, ಸಾಲುಗಳನ್ನು ಓದಿಲ್ಲ ಅಂತ ನನ್ನ ಅಂದಾಜು. ಡಬಲ್ ಆಕ್ಸೆಲ್‌ನ ಮೂಲಬೆಲೆ 3.30, ಡಬಲ್ ಲಟ್ಜ್‌ನದು 2.10. ಸುತ್ತು ಕಾಲು ಭಾಗಕ್ಕಿಂತ ಹೆಚ್ಚು ಕಡಿಮೆಯಾದರೆ ಜಂಪಿನ ಹೆಸರಿನ ಮುಂದೆ ಬಾಣದ ಮೊನೆಯಂಥ ಒಂದು ಗುರುತು ಬಿದ್ದು ಶೇ. 80 ಮಾತ್ರ ಸಿಗುತ್ತದೆ, 2.64. ಅರ್ಧ ಸುತ್ತೇ ಕಡಿಮೆಯಾದರೆ ಎರಡು ಗುರುತು, ಆಗ ಅದು ಸಿಂಗಲ್ ಆಕ್ಸೆಲ್ ಲೆಕ್ಕ, 1.10. ಇದರ ಮೇಲೆ ತೀರ್ಪುಗಾರರ ಗುಣಮಟ್ಟದ ಅಂಕ, ಮೈನಸ್ ಐದರಿಂದ ಪ್ಲಸ್ ಐದರವರೆಗೆ, ಒಂದೊಂದಕ್ಕೆ ಜಂಪಿಗೆ ಸಿಕ್ಕ ಬೆಲೆಯ ಶೇ. 10. ಒಂದು ಗುರುತು ಬಿದ್ದು ಮೈನಸ್ ಎರಡು ಬಂದ ಡಬಲ್ ಆಕ್ಸೆಲ್‌ಗೆ ಸಿಗುವುದು 2.11. ಚೊಕ್ಕವಾಗಿ ಇಳಿದು ಪ್ಲಸ್ ಒಂದು ಪಡೆದ ಡಬಲ್ ಲಟ್ಜ್‌ಗೆ 2.31. ಅಂದರೆ ಕಷ್ಟದ ಜಂಪ್ ಸೇರಿಸಿದ ತಿಂಗಳು ಅಂಕ ಇಳಿಯುವುದೇ ಸಹಜ. ಜುಲೈನಲ್ಲಿ ಆದದ್ದು ಅದೇ ಇರಬಹುದು. ಲಟ್ಜ್ ಮುಂದೆ ‘ಇ’ ಗುರುತು ಇದೆಯಾ ಅಂತಲೂ ನೋಡು. ಇದ್ದರೆ ಹೊರ ಅಂಚಿನಿಂದ ಒಳ ಅಂಚಿಗೆ ಜಾರಿ ಎದ್ದಿದ್ದಾಳೆ, ಮತ್ತೆ ನಾಣ್ಯದ ಪರೀಕ್ಷೆಗೇ ಬಂದೆವು. ಒಂದೇ ಡಬಲ್ ಮೂರನೇ ಸಲ ಬಂದಿದ್ದರೆ ಅದಕ್ಕೆ ಸೊನ್ನೆ. ಒಂದು ಜಂಪ್ ಕೆಟ್ಟ ಗಾಬರಿಯಲ್ಲಿ ಮಕ್ಕಳು ಇನ್ನೊಂದನ್ನು ತುರುಕಿದಾಗ ಹೀಗಾಗುತ್ತದೆ.

ಈ ಸಮಯದಲ್ಲಿ ಅಂಕ ಕೂಡಿಸುವ ಜಾಗ ಸ್ಪಿನ್, ಅಂದರೆ ನಿಂತಲ್ಲೇ ಗಿರ್ರನೆ ತಿರುಗುವುದು. ಭಂಗಿಯನ್ನೂ ಕಾಲನ್ನೂ ಬದಲಿಸುವ ಕಾಂಬಿನೇಶನ್ ಸ್ಪಿನ್ ಕಷ್ಟದ ಒಂದನೇ ಮಟ್ಟದ್ದಾದರೆ 2.00, ಎರಡನೆಯದು 2.50, ಮೂರನೆಯದು 3.00. ಒಂದು ಭಂಗಿ ಲೆಕ್ಕಕ್ಕೆ ಬರಬೇಕಾದರೆ ಅದರಲ್ಲಿ ಸತತ ಎರಡು ಸುತ್ತು ಆಗಬೇಕು. ಮಕ್ಕಳು ಒಂದೂವರೆಗೇ ಎದ್ದುಬಿಡುತ್ತಾರೆ, ಮಟ್ಟ ಹೋಗುತ್ತದೆ. ಸುತ್ತು ಎಣಿಸುವುದಕ್ಕೆ ಎತ್ತರ, ಬಲ ಏನೂ ಅಡ್ಡ ಬರುವುದಿಲ್ಲ, ಬೆಳೆಯುವ ವರ್ಷದಲ್ಲೂ ಇದು ಕೈಯಲ್ಲೇ ಇರುತ್ತದೆ.

ಎರಡು ಸ್ಪರ್ಧೆಗಳ ಒಟ್ಟು ಅಂಕವನ್ನು ನೇರ ಹೋಲಿಸಬೇಡ. ತೀರ್ಪುಗಾರರ ಪ್ಯಾನೆಲ್ ಬೇರೆ, ರಿಂಕ್ ಬೇರೆ. 200 ಅಡಿಗೆ 85 ಅಡಿಯ ಹಾಕಿ ರಿಂಕಿನಲ್ಲಿ ಕಲಿತ ಪ್ರೋಗ್ರಾಂ (ಸಂಗೀತಕ್ಕೆ ಕಟ್ಟಿದ ಪೂರ್ತಿ ಪ್ರದರ್ಶನ) 60 ಮೀಟರಿಗೆ 30 ಮೀಟರಿನ ಒಲಿಂಪಿಕ್ ಅಳತೆಯ ರಿಂಕಿನಲ್ಲಿ ಜಾಗ ತಪ್ಪುತ್ತದೆ. ವಾರ್ಮಪ್ ಮುಗಿದು ಆರನೆಯವಳಾಗಿ ಇಳಿಯುವ ಪಾಳಿ ಬಂದರೆ ಕಾಲು ಗಂಟೆ ಕಾಯಬೇಕು, ಕಾಲು ತಣ್ಣಗಾಗುತ್ತದೆ. ಜಾಕೆಟ್ ಹಾಕಿಸಿ, ಲೇಸ್ ಸಡಿಲಿಸಿ, ತನ್ನ ಪಾಳಿಗೆ ಇಬ್ಬರು ಬಾಕಿ ಇರುವಾಗ ಮತ್ತೆ ಬಿಗಿಸಬೇಕು. ದೊಡ್ಡವರಿಗೂ ಏರಿಳಿತ ತಪ್ಪಿದ್ದಲ್ಲ. 2018ರ ಪ್ಯೊಂಗ್‌ಚಾಂಗ್ ಒಲಿಂಪಿಕ್ಸ್‌ನಲ್ಲಿ ಅಮೆರಿಕದ ನೇಥನ್ ಚೆನ್ ಸ್ಪರ್ಧೆಯ ಮೊದಲ ಭಾಗವಾದ ಶಾರ್ಟ್ ಪ್ರೋಗ್ರಾಂನಲ್ಲಿ 17ನೆಯವನು, ಎರಡನೆಯದಾದ ಫ್ರೀ ಸ್ಕೇಟ್‌ನಲ್ಲಿ ಮೊದಲಿಗ, ಒಟ್ಟಾರೆ ಐದನೆಯವನು. 2022ರಲ್ಲಿ ಚಿನ್ನ. ಅಲೀಸಾ ಲಿಯು 2019ರಲ್ಲಿ ಹದಿಮೂರಕ್ಕೇ ಅಮೆರಿಕದ ಚಾಂಪಿಯನ್ ಆದಳು, 2022ರಲ್ಲಿ ಸಾಕು ಅಂತ ಬಿಟ್ಟಳು, ತಾನಾಗಿ ಮರಳಿ 2025ರಲ್ಲಿ ಬಾಸ್ಟನ್‌ನಲ್ಲಿ ವಿಶ್ವ ಚಾಂಪಿಯನ್ ಆದಳು. ನಿನ್ನ ಮಗಳೂ ಅಲ್ಲಿಗೇ ಹೋಗುತ್ತಾಳೆ ಅಂತ ಇದನ್ನು ಹೇಳುತ್ತಿಲ್ಲ. ವಸಂತದಲ್ಲಿ, ಸೀಸನ್ ಮುಗಿದ ಮೇಲೆ, ಎರಡು ವಾರ ಬೂಟನ್ನು ಮೂಲೆಗಿಟ್ಟರೆ ಏನೂ ಹಾಳಾಗುವುದಿಲ್ಲ ಅನ್ನುವುದಕ್ಕೆ ಹೇಳಿದೆ.

ಕೋಚ್ ಜೊತೆ ರಿಂಕಿನ ಬಾಗಿಲಲ್ಲಿ, ಬಿದ್ದ ದಿನವೇ, ಮಾತು ಬೇಡ. ಅವರ ಅರ್ಧ ಗಂಟೆಯ ಪಾಠದ ದುಡ್ಡು ಕೊಟ್ಟು ಐಸ್ ಹೊರಗೆ ಕೂತು ಕೇಳು: ಮುಂದಿನ ಮೂರು ತಿಂಗಳಲ್ಲಿ ಏನನ್ನು ಉಳಿಸಿಕೊಳ್ಳುತ್ತೇವೆ, ಏನನ್ನು ಕೈಬಿಡುತ್ತೇವೆ, ಡಬಲ್ ಆಕ್ಸೆಲ್ ಪ್ರೋಗ್ರಾಂಗೆ ಯಾವಾಗ? ನನ್ನ ಲೆಕ್ಕದಲ್ಲಿ, ಬರೀ ಅಭ್ಯಾಸದಲ್ಲಲ್ಲ, ಸಂಗೀತದ ಜೊತೆ ಪೂರ್ತಿ ಓಡಿಸಿದಾಗ ಹತ್ತಕ್ಕೆ ಏಳು ಸಲ ನಿಲ್ಲುವವರೆಗೆ ಅದು ಸ್ಪರ್ಧೆಗೆ ಬೇಡ. ಸೀಸನ್ ನಡುವೆ ಕೋಚ್ ಬದಲಿಸುವ ಯೋಚನೆಯನ್ನಂತೂ ಮಾಡಲೇಬೇಡ.

ಕಾರಿನಲ್ಲಿ ಮನೆಗೆ ಬರುವಾಗ ಅವಳಾಗಿ ಎತ್ತಿದರೆ ಮಾತ್ರ ಸ್ಕೇಟಿಂಗ್ ಮಾತು, ಇಲ್ಲದಿದ್ದರೆ ಹಸಿವಾಗಿದೆಯಾ ಅಂತ ಕೇಳು ಸಾಕು. ದಾವಣಗೆರೆಯ ಅಜ್ಜಿ ಭಾನುವಾರದ ಫೋನಿನಲ್ಲಿ ‘ಮೆಡಲ್ ಬಂತೇನೇ ಪುಟ್ಟಿ?’ ಅಂತ ಕೇಳುವುದು ಪ್ರೀತಿಯಿಂದಲೇ. ಆದರೂ ಮೊದಲೇ ಅಜ್ಜಿಗೆ ಒಂದು ಮಾತು ಹೇಳಿಡು, ಈ ವಾರ ಏನು ಹೊಸದು ಕಲಿತೆ ಅಂತ ಕೇಳಲಿ. ಬೆಂಗಳೂರಿನಲ್ಲಿ ಚಕ್ರದ ಸ್ಕೇಟಿಂಗ್ ಮಾಡುವ ಕಸಿನ್ ಜೊತೆ ಹೋಲಿಕೆ ಬಂದರೆ ಅಲ್ಲೇ ತಡೆ. ಎರಡೂ ಬೇರೆ ಆಟ.

ಈ ಶನಿವಾರ ನಾಣ್ಯ ಇಟ್ಟು ಎಡ ಬ್ಲೇಡಿನ ಫೋಟೊ ತೆಗೆದು ಕಳಿಸು, ಬೆಳಕು ಹಿಂದಿನಿಂದ ಬರುವ ಹಾಗೆ ಹಿಡಿ. ಮೇ, ಜುಲೈ ಎರಡರ ಅಂಕಪಟ್ಟಿಯೂ ಬರಲಿ, ಒಟ್ಟು ಅಂಕದ ಪುಟ ಬೇಡ, ಸಾಲುಗಳಿರುವ ಪುಟ.

ಇಂತಿ ನಿನ್ನ
ಗೆಳೆಯ