ಆ ಕೊನೆಯ ಚೆಂಡು

ಪ್ರೀತಿಯ ಗೆಳೆಯಾ,

ನಿನ್ನ ಮಗಳು ಶಾಲಾ ವಾಲಿಬಾಲ್ ತಂಡದಲ್ಲಿ ಸೆಟ್ಟರ್, ಅಂದರೆ ಹೊಡೆಯುವವರಿಗೆ ಚೆಂಡು ಎತ್ತಿಕೊಡುವವಳು, ಆದಳೆಂದು ತಿಳಿದು ಹಿಗ್ಗಿದೆ. ಅವಳಿಗೆ ಯಾರ ಕಥೆ ಹೇಳಲಿ ಎಂದು ಕೇಳಿದ್ದೆಯಲ್ಲ? ಬ್ರೆಜಿಲ್‌ನ ಜೋಸೆ ರೋಬೆರ್ಟೊ ಗಿಮಾರೈಸ್ ಅವರದನ್ನು ಹೇಳು. ಅವರೂ ಸೆಟ್ಟರ್. 1976ರ ಮಾಂಟ್ರಿಯಲ್ ಒಲಿಂಪಿಕ್ಸ್‌ನಲ್ಲಿ ಆಡಿ ಪದಕವಿಲ್ಲದೆ ಮರಳಿದವರು, 1992ರಲ್ಲಿ ಬಾರ್ಸಿಲೋನಾಕ್ಕೆ ಕೋಚ್ ಆಗಿ ಹೋಗಿ ಪುರುಷರ ತಂಡಕ್ಕೆ ಚಿನ್ನ ತಂದರು. ಫೈನಲ್‌ನಲ್ಲಿ ನೆದರ್ಲೆಂಡ್ಸ್ ವಿರುದ್ಧ 3-0. ಫುಟ್‌ಬಾಲ್ ಎಂದರೆ ಪ್ರಾಣ ಬಿಡುವ ಆ ದೇಶಕ್ಕೆ ತಂಡ ಕ್ರೀಡೆಯಲ್ಲಿ ಮೊದಲ ಒಲಿಂಪಿಕ್ ಚಿನ್ನ ಬಂದದ್ದು ವಾಲಿಬಾಲ್‌ನಿಂದ. ಮುಂದೆ ಮಹಿಳಾ ತಂಡಕ್ಕೂ 2008 ಮತ್ತು 2012ರಲ್ಲಿ ಚಿನ್ನ ಗೆಲ್ಲಿಸಿದರು. ಪುರುಷರನ್ನೂ ಮಹಿಳೆಯರನ್ನೂ ಒಲಿಂಪಿಕ್ ಚಿನ್ನಕ್ಕೆ ಮುಟ್ಟಿಸಿದ ವಾಲಿಬಾಲ್ ಕೋಚ್ ಅವರೊಬ್ಬರೇ.

ಆದರೆ ನನ್ನ ನಿದ್ದೆ ಕೆಡಿಸಿದ್ದು ಅವರು ಸೋತ ಪಂದ್ಯ. 2004, ಅಥೆನ್ಸ್, ಮಹಿಳೆಯರ ಸೆಮಿಫೈನಲ್, ಎದುರಾಳಿ ರಷ್ಯಾ. ಬ್ರೆಜಿಲ್ 2-1 ಸೆಟ್‌ಗಳಿಂದ ಮುಂದಿತ್ತು. ನಾಲ್ಕನೆಯ ಸೆಟ್‌ನಲ್ಲಿ 24-19. ಇನ್ನೊಂದೇ ಅಂಕ ಸಾಕಿತ್ತು. ಅದು ಬರಲೇ ಇಲ್ಲ. ಆ ಸೆಟ್ಟೂ ಹೋಯಿತು, ಪಂದ್ಯವೂ ಹೋಯಿತು. ಆಗಷ್ಟೇ ಇಪ್ಪತ್ತೊಂದು ತುಂಬಿದ್ದ ಮಾರಿ ಎಂಬ ಹುಡುಗಿಯ ಮೇಲೆ ಜನ ಗೂಬೆ ಕೂರಿಸಿದರು. ಇಡೀ ಪಂದ್ಯದಲ್ಲಿ ತಂಡವನ್ನು ಹೊತ್ತು ನಿಂತಿದ್ದವಳೇ ಅವಳು.

ಗಿಮಾರೈಸ್ ಅವಳನ್ನು ಕೈಬಿಡಲಿಲ್ಲ. ನಾಲ್ಕು ವರ್ಷಗಳ ನಂತರ ಬೀಜಿಂಗ್‌ನಲ್ಲಿ ಅವಳನ್ನು ಆಡಿಸಿದರು. ಇಡೀ ಕೂಟದಲ್ಲಿ ಆ ತಂಡ ಸೋತದ್ದು ಒಂದೇ ಸೆಟ್, ಅದೂ ಫೈನಲ್‌ನಲ್ಲಿ. ಚಿನ್ನ ಗೆದ್ದ ಮಾರಿ ತುಟಿಯ ಮೇಲೆ ಬೆರಳಿಟ್ಟು 'ಇನ್ನು ಸುಮ್ಮನಿರಿ' ಎಂದು ಸನ್ನೆ ಮಾಡಿದಳು.

ಆ ಬೆರಳನ್ನು ನೋಡಿದಾಗ ನನಗೆ ನಿನ್ನ ನೆನಪಾಯಿತು. ಅಂದು ನೀನು ಸನ್ನೆಯನ್ನೂ ಮಾಡಲಿಲ್ಲ, ಮಾತನ್ನೂ ಆಡಲಿಲ್ಲ.

ನಾವಿಬ್ಬರೂ ಆಡಿದ ಹೊನಲು ಬೆಳಕಿನ ಪಂದ್ಯಾವಳಿ, ಫೈನಲ್, ನಮಗೆ 23, ಅವರಿಗೆ 24. ಚೆಂಡು ನನ್ನ ತಲೆಯ ಮೇಲೆ. ಬಲತುದಿಯಲ್ಲಿ ನಮ್ಮವನೊಬ್ಬ ಕೈಯೆತ್ತಿ ಕಾಯುತ್ತಿದ್ದ, ಅವನ ಮುಂದೆ ನೆಟ್ ಖಾಲಿ. ನಿನ್ನ ಮುಂದೆ ಇಬ್ಬರು ಬ್ಲಾಕ್‌ಗೆ, ಅಂದರೆ ಹೊಡೆತ ತಡೆಯಲು, ಸಿದ್ಧರಾಗಿದ್ದರು. ನಾನು ನಿನಗೇ ಎತ್ತಿಕೊಟ್ಟೆ. ಚೆಂಡು ಅವರ ಕೈಗೆ ಬಡಿದು ನಿನ್ನ ಕಾಲ ಬಳಿಯೇ ಬಿತ್ತು. ಊರವರು ವರ್ಷಗಟ್ಟಲೆ ನಿನ್ನನ್ನೇ ಅಂದರು. ಸೆಟ್ಟರ್ ಯಾರನ್ನು ಆರಿಸಿದ, ಏಕೆ ಆರಿಸಿದ ಎಂದು ಯಾರೂ ಕೇಳಲಿಲ್ಲ.

ಗಾಬರಿಯಲ್ಲಿ ಹಾಗಾಯಿತು ಎಂದಷ್ಟೇ ಬರೆಯಲು ಕುಳಿತಿದ್ದೆ. ಆದರೆ ನನಗೆ ಆ ಖಾಲಿ ನೆಟ್ ಕಂಡಿತ್ತು. ಜಿಲ್ಲಾ ತಂಡಕ್ಕೆ ನಮ್ಮಿಬ್ಬರಲ್ಲಿ ಒಬ್ಬನನ್ನೇ ತೆಗೆದುಕೊಳ್ಳುವರೆಂಬ ಮಾತು ಆ ಸಂಜೆಯೇ ಕಿವಿಗೆ ಬಿದ್ದಿತ್ತು. ಸೋಲುವುದಾದರೆ ಅದು ಇವನ ಕೈಯಿಂದಾಗಲಿ ಎಂಬ ಯೋಚನೆ ಅರೆಕ್ಷಣ ಬಂದು ಹೋಯಿತು. ಚೆಂಡು ಬೆರಳನ್ನು ಬಿಡಲು ಅಷ್ಟು ಹೊತ್ತು ಸಾಕು. ಜಿಲ್ಲಾ ತಂಡದ ಜೆರ್ಸಿ ನನಗೆ ಸಿಕ್ಕಿತು. ನೀನು ಮರುವರ್ಷ ಅಂಕಣಕ್ಕೇ ಇಳಿಯಲಿಲ್ಲ.

ಇದನ್ನು ನಾಲ್ಕು ಜನ ಓದುವ ಕಡೆಯೇ ಬರೆಯುತ್ತಿದ್ದೇನೆ. ನಿನ್ನ ಮೇಲೆ ತಪ್ಪು ಹೊರಿಸಿದ್ದೂ ನಾಲ್ಕು ಜನರ ಮುಂದೆಯೇ ಅಲ್ಲವೇ? ಕ್ಷಮಿಸು. ಈಗಲೇ ಉತ್ತರ ಬರೆಯಬೇಡ.

ಮಗಳಿಗೆ 2012ರ ಲಂಡನ್ ಕ್ವಾರ್ಟರ್‌ಫೈನಲ್ ತೋರಿಸು. ಮತ್ತೆ ಅದೇ ರಷ್ಯಾ. ಐದನೆಯ ಸೆಟ್‌ನಲ್ಲಿ ಆರು ಮ್ಯಾಚ್ ಪಾಯಿಂಟ್‌ಗಳನ್ನು, ಅಂದರೆ ಇನ್ನೊಂದು ಅಂಕ ಬಿಟ್ಟಿದ್ದರೆ ಸೋಲುತ್ತಿದ್ದ ಗಳಿಗೆಗಳನ್ನು, ಉಳಿಸಿಕೊಂಡು ಬ್ರೆಜಿಲ್ 21-19ರಿಂದ ಗೆದ್ದಿತು. ಒಬ್ಬೊಬ್ಬರಿಗೂ ಚೆಂಡು ಹೇಗೆ ಹಂಚಿಕೆಯಾಗುತ್ತದೆ ಎಂಬುದನ್ನು ಅವಳು ಗಮನವಿಟ್ಟು ನೋಡಲಿ.

ಯುಗಾದಿಗೆ ಬರುತ್ತೇನೆ. ಅಂಗಳದಲ್ಲಿ ನೆಟ್‌ಗೆ ಹಗ್ಗ ಕಟ್ಟಿರು.

ನಿನ್ನ,
ಸೆಟ್ಟರ್