ಆ ಅಣಬೆ ಪುಡಿಯ ವಿಷಯ

ಪುಟ್ಟಾ,

ನೀನು ಕಳಿಸಿದ ಡಬ್ಬಿಯ ಫೋಟೋ ನೋಡಿದೆ. ‘ಮೂರು ತಿಂಗಳು ಈ ಅಣಬೆ ಪುಡಿ ತಗೊಂಡು ನೋಡ್ತೀನಿ ದೊಡ್ಡಮ್ಮ, ನಾಲಿಗೆಯ ಕ್ಯಾನ್ಸರ್ ಗಡ್ಡೆ ಕರಗದಿದ್ದರೆ ಆಮೇಲೆ ಆಪರೇಷನ್’ ಅಂತ ಬರೆದಿದ್ದೀಯ. ಬೈಯುವುದಕ್ಕೆ ಕೂತಿಲ್ಲ. ನಾಲಿಗೆಯ ಅಂಚು ತೆಗೀತಾರೆ ಅಂದರೆ ಯಾರಿಗೆ ತಾನೇ ಭಯ ಆಗಲ್ಲ?

ಅಣಬೆ ಸುಮ್ನೆ ಬೂಟಾಟಿಕೆ ಅಂತಲೂ ನಾನು ಹೇಳುವುದಿಲ್ಲ. ಜಪಾನಿನಲ್ಲಿ 1970ರ ದಶಕದಲ್ಲಿ ಟರ್ಕಿ ಟೇಲ್ ಅಣಬೆಯಿಂದ ತೆಗೆದ ಸಾರ ಪಿಎಸ್‌ಕೆ, 1980ರ ದಶಕದಲ್ಲಿ ಶಿಟಾಕೆ ಅಣಬೆಯ ಲೆಂಟಿನಾನ್ ಔಷಧಿಯಾಗಿ ಒಪ್ಪಿಗೆ ಪಡೆದವು. ಎರಡರಲ್ಲೂ ಇರುವುದು ಬೀಟಾ ಗ್ಲೂಕಾನ್, ಅಂದರೆ ಸಕ್ಕರೆಯ ಉದ್ದನೆಯ ಸರಪಳಿ. ಮೈಯ ಕಾವಲು ಜೀವಕೋಶಗಳು ಅದನ್ನು ಗುರುತಿಸಿ ಚುರುಕಾಗುತ್ತವೆ. ಆದರೆ ಲೆಂಟಿನಾನ್ ಕೊಟ್ಟಿದ್ದು ಇಂಜೆಕ್ಷನ್ ಆಗಿ, ಹೊಟ್ಟೆಯ ಕ್ಯಾನ್ಸರಿಗೆ, ಅದೂ ಕೀಮೋ ಜೊತೆಗೆ. ಕೀಮೋ ಬಿಟ್ಟು ಅಲ್ಲ. ಡಬ್ಬಿಯ ಮೇಲೆ ಇದನ್ನೆಲ್ಲ ಯಾರು ಬರೀತಾರೆ?

ಬಾಯಿ ಕ್ಯಾನ್ಸರಿನ ಜೀವಕೋಶಗಳ ಮೇಲೆ ಕಾರ್ಡಿಸೆಪ್ಸ್ ಅಣಬೆಯಲ್ಲಿರುವ ಕಾರ್ಡಿಸೆಪಿನ್ ಹಾಕಿದರೆ ಅವು ಸಾಯುತ್ತವೆ ಅಂತ ಓದಿದೆಯಲ್ಲ, ಅದೂ ನಿಜವೇ. ನಾನು ಲ್ಯಾಬಿನಲ್ಲಿ ವರ್ಷಗಟ್ಟಲೆ ಜೀವಕೋಶ ಬೆಳೆಸಿದವಳು. ಗಾಜಿನ ತಟ್ಟೆಯಲ್ಲಿ ಅವುಗಳನ್ನು ಸಾಯಿಸುವುದು ದೊಡ್ಡ ವಿಷಯ ಅಲ್ಲ ಕಣೋ. ಉಪ್ಪು ಸ್ವಲ್ಪ ಜಾಸ್ತಿಯಾದರೂ ಸಾಯುತ್ತಿದ್ದವು, ನನ್ನ ಕೈಯಿಂದಲೇ ಎಷ್ಟೋ ತಟ್ಟೆ ಹಾಳಾಗಿವೆ! ತಟ್ಟೆಯಲ್ಲಿ ಔಷಧಿ ನೇರವಾಗಿ ಜೀವಕೋಶದ ಮೈಗೇ ತಾಗುತ್ತದೆ. ನೀನು ನುಂಗಿದ್ದು ಹೊಟ್ಟೆ, ಲಿವರ್, ರಕ್ತ ಎಲ್ಲ ದಾಟಿ ನಾಲಿಗೆಗೆ ಬರಬೇಕು. ಕಾರ್ಡಿಸೆಪಿನ್ ರಕ್ತ ಸೇರಿದ ಕೆಲವೇ ನಿಮಿಷಗಳಲ್ಲಿ ನಮ್ಮದೇ ಒಂದು ಕಿಣ್ವ ಅದನ್ನು ಕೆಲಸಕ್ಕೆ ಬಾರದ ಹಾಗೆ ಮಾಡಿಬಿಡುತ್ತದೆ. ಸಂಶೋಧಕರು ಇದಕ್ಕೆ ದಾರಿ ಹುಡುಕುತ್ತಿದ್ದಾರೆ, ಹುಡುಕಲಿ. ಅಲ್ಲಿಯವರೆಗೆ ನಿನ್ನ ಗಡ್ಡೆ ಕಾಯುತ್ತಾ ಅಂತ ಕೇಳಿಕೋ.

ಅದು ಕಾಯಲ್ಲ. ಇಂದು ಚಿಕ್ಕದಿದೆ, ಕುತ್ತಿಗೆಯ ಗಂಟುಗಳಿಗೆ ಹರಡಿಲ್ಲ. ಈಗ ತೆಗೆದರೆ ಸ್ವಲ್ಪ ಭಾಗ ಹೋಗುತ್ತದೆ, ಮಾತು ಮತ್ತು ನುಂಗುವುದು ಬಹುಮಟ್ಟಿಗೆ ಉಳಿಯುತ್ತದೆ. ಬೆಳೆದ ಮೇಲೆ ಇನ್ನೂ ಜಾಸ್ತಿ ತೆಗೆಯಬೇಕು, ರೇಡಿಯೇಷನ್ನೂ ಬೇಕಾಗಬಹುದು. ನೀನು ಉಳಿಸಿಕೊಳ್ಳಬೇಕು ಅಂದುಕೊಂಡಿರುವ ನಾಲಿಗೆಯನ್ನೇ ಆ ಮೂರು ತಿಂಗಳು ತಿಂದುಹಾಕಬಹುದು.

ಇನ್ನೊಂದು. ಆ ಡಬ್ಬಿಯಲ್ಲಿ ಗ್ಯಾನೋಡರ್ಮಾ ಅನ್ನೋ ಅಣಬೆ ಕೂಡ ಇದೆ. ಅದು ರಕ್ತ ಹೆಪ್ಪುಗಟ್ಟುವುದನ್ನು ತಡಮಾಡಬಹುದು, ಆಪರೇಷನ್ ಹತ್ತಿರ ಇರುವಾಗ ಒಳ್ಳೆಯದಲ್ಲ. ಈಗಾಗಲೇ ತಗೊಂಡಿದ್ದರೆ ಮುಚ್ಚಿಡಬೇಡ. ಅದೇ ಫೋಟೋ ಡಾಕ್ಟರಿಗೆ ತೋರಿಸು, ಎಷ್ಟು ದಿನ ತಗೊಂಡೆ ಅಂತಲೂ ಹೇಳು. ಎಲ್ಲ ಮುಗಿದ ಮೇಲೆ ತಗೋಬಹುದಾ ಅಂತ ಬೇಕಾದರೆ ಅವರನ್ನೇ ಕೇಳು. ತಂಬಾಕು ಬಿಟ್ಟಿದ್ದೀಯ ತಾನೇ? ಅದರ ಬಗ್ಗೆ ಮತ್ತೆ ಕೇಳಲ್ಲ.

ಆಪರೇಷನ್ ದಿನ ಮುಂದೆ ಹಾಕಬೇಡ. ಹಿಂದಿನ ಸಂಜೆಯೇ ಬಂದು ನಿನ್ನ ಜೊತೆ ಇರುತ್ತೇನೆ.

ನಿನ್ನ
ದೊಡ್ಡಮ್ಮ